ಬೆಳವಣಿಗೆ ಹಾರ್ಮೋನ್ ಮತ್ತು ಸಕ್ಕರೆ ಕಾಯಿಲೆಯ ಕಿಡ್ನಿ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಕ್ಕರೆ ಕಾಯಿಲೆ ಕಿಡ್ನಿಯನ್ನು ಹಾಳು ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ ಬೆಳವಣಿಗೆ ಹಾರ್ಮೋನಿನ ಪಾಲೂ ಇದೆ ಎಂದರೆ ಹಲವರಿಗೆ ಆಶ್ಚರ್ಯ, ಕೆಲವರಿಗೆ ಭಯ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಬೆಳವಣಿಗೆ ಹಾರ್ಮೋನ್ ಅಂದ್ರೆ ಮಕ್ಕಳಿಗೆ ತಾನೇ? ನನಗೆ ಐವತ್ತು ದಾಟಿದೆ, ನನಗೇನು ಸಂಬಂಧ?

ಸಂಬಂಧ ಇದೆ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಜೀವನವಿಡೀ ತಯಾರಿಸುತ್ತದೆ. ಎತ್ತರ ಬೆಳೆಯುವುದು ನಿಂತ ಮೇಲೂ ಅದಕ್ಕೆ ಕೆಲಸ ಇರುತ್ತದೆ. ಕೊಬ್ಬನ್ನು ಕರಗಿಸುವುದು, ಸ್ನಾಯುಗಳನ್ನು ಕಾಪಾಡುವುದು, ಹಸಿವಿದ್ದಾಗ ರಕ್ತದಲ್ಲಿ ಸಕ್ಕರೆ ಕುಸಿಯದಂತೆ ನೋಡಿಕೊಳ್ಳುವುದು ಎಲ್ಲವೂ ಅದರ ಪಾಲಿಗಿದೆ. ವಯಸ್ಸಾದಂತೆ ಪ್ರಮಾಣ ಇಳಿಯುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ.

ಸಕ್ಕರೆ ಕಾಯಿಲೆ ಇದ್ದವರು ಒಂದು ವಿಷಯ ನೆನಪಿಡಬೇಕು. ಈ ಹಾರ್ಮೋನ್ ಇನ್ಸುಲಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ. ಅದು ಜಾಸ್ತಿಯಾದರೆ ಅಷ್ಟೇ ಇನ್ಸುಲಿನ್‌ನಿಂದ ಮೊದಲಿನಷ್ಟು ಪರಿಣಾಮ ಸಿಗುವುದಿಲ್ಲ.

ಸಕ್ಕರೆ ಕಾಯಿಲೆಯಿಂದ ಕಿಡ್ನಿ ಒಳಗೆ ಏನಾಗುತ್ತೆ? ಸರಳವಾಗಿ ಹೇಳಿ.

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಶೋಧಕ ಘಟಕಗಳಿವೆ. ಪ್ರತಿಯೊಂದರಲ್ಲೂ ಗ್ಲೋಮೆರುಲಸ್ ಎಂಬ ಸಣ್ಣ ರಕ್ತನಾಳಗಳ ಗಂಟು ಇದೆ. ಅದು ಜರಡಿಯ ಹಾಗೆ: ನೀರು, ಉಪ್ಪು, ಕಲ್ಮಶ ಕೆಳಗೆ ಹೋಗುತ್ತವೆ, ಪ್ರೋಟೀನ್ ರಕ್ತದಲ್ಲೇ ಉಳಿಯುತ್ತದೆ.

ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಕಿಡ್ನಿ ಮೊದಲು ದಪ್ಪವಾಗುತ್ತದೆ ಮತ್ತು ಬೇಕಾದ್ದಕ್ಕಿಂತ ಹೆಚ್ಚು ಶೋಧಿಸುತ್ತದೆ. ಈ ಹಂತದಲ್ಲಿ ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆಯ ರಿಪೋರ್ಟ್ ಚೆನ್ನಾಗಿಯೇ ಕಾಣುತ್ತದೆ. ಮೋಸ ಹೋಗುವುದು ಇಲ್ಲಿಯೇ. ಆಮೇಲೆ ಅಲ್ಬುಮಿನ್ ಎಂಬ ಪ್ರೋಟೀನ್ ಸ್ವಲ್ಪ ಸ್ವಲ್ಪವಾಗಿ ಮೂತ್ರಕ್ಕೆ ಸೋರಲು ಶುರುವಾಗುತ್ತದೆ. ಕೊನೆಗೆ ಗ್ಲೋಮೆರುಲಸ್‌ಗಳು ಗಾಯ ಕಟ್ಟಿ ಗಟ್ಟಿಯಾಗಿ ಮುಚ್ಚಿಹೋಗುತ್ತವೆ. ಎಲ್ಲರಿಗೂ ಹೀಗಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕಿಡ್ನಿ ತೊಂದರೆ ಬರುತ್ತದೆ.

ಶುಗರ್ ಇರೋರೆಲ್ಲರಿಗೂ ಈ ಹಾರ್ಮೋನ್ ಜಾಸ್ತಿ ಇರುತ್ತಾ?

ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬಹಳ ಜನ ಸುಮ್ನೆ ಹೆದರುತ್ತಾರೆ.

ಟೈಪ್ 1ರಲ್ಲಿ, ಅಂದರೆ ದೇಹ ತಾನೇ ಇನ್ಸುಲಿನ್ ಮಾಡಿಕೊಳ್ಳಲಾಗದ ಬಗೆಯಲ್ಲಿ, ಅದು ಜಾಸ್ತಿ ಇರುತ್ತದೆ, ಸಕ್ಕರೆ ಹಿಡಿತದಲ್ಲಿ ಇಲ್ಲದಾಗ ಇನ್ನೂ ಜಾಸ್ತಿ. ಕಾರಣ ಲಿವರ್‌ನಲ್ಲಿದೆ. ಬೆಳವಣಿಗೆ ಹಾರ್ಮೋನ್ ಲಿವರ್‌ಗೆ ಬಂದು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ಮಾಡಿಸುತ್ತದೆ. ಐಜಿಎಫ್-1 ರಕ್ತದಲ್ಲಿ ಸಾಕಷ್ಟಾದಾಗ ಪಿಟ್ಯುಟರಿ ಬೆಳವಣಿಗೆ ಹಾರ್ಮೋನ್ ಬಿಡುವುದನ್ನು ತಗ್ಗಿಸುತ್ತದೆ. ಆದರೆ ಲಿವರ್ ಈ ಸಂದೇಶವನ್ನು ಕೇಳಬೇಕಾದರೆ ಅಲ್ಲಿ ಇನ್ಸುಲಿನ್ ಇರಬೇಕು. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್ ಮೊದಲು ತಲುಪುವುದೇ ಲಿವರ್‌ಗೆ. ಟೈಪ್ 1ರಲ್ಲಿ ಚರ್ಮದ ಕೆಳಗೆ ಚುಚ್ಚಿದ ಇನ್ಸುಲಿನ್ ಇಡೀ ದೇಹ ಸುತ್ತಿ ಬರುತ್ತದೆ, ಲಿವರ್‌ಗೆ ಸಿಗುವ ಪಾಲು ಕಡಿಮೆ. ಹಾಗಾಗಿ ಐಜಿಎಫ್-1 ಕಡಿಮೆ ತಯಾರಾಗುತ್ತದೆ. ಪಿಟ್ಯುಟರಿಗೆ 'ಸಾಕು' ಎಂದು ಹೇಳುವವರಿಲ್ಲ, ಅದು ಇನ್ನಷ್ಟು ಹಾರ್ಮೋನ್ ಸುರಿಯುತ್ತದೆ.

ಇನ್ಸುಲಿನ್ ಇದ್ದೂ ದೇಹಕ್ಕೆ ಸರಿಯಾಗಿ ನಾಟದ ಟೈಪ್ 2ರ ಕಥೆ ಬೇರೆ. ಬೊಜ್ಜು ಇದ್ದರೆ ಬೆಳವಣಿಗೆ ಹಾರ್ಮೋನ್ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆದ್ದರಿಂದ ಮುಂದೆ ಹೇಳುವ ಬಹುಪಾಲು ವಿಷಯ ಟೈಪ್ 1ಕ್ಕೆ ನೇರವಾಗಿ ಹೊಂದುತ್ತದೆ. ಟೈಪ್ 2 ಇರುವವರು ತಮ್ಮ ಕಿಡ್ನಿ ತೊಂದರೆಗೆ ಈ ಹಾರ್ಮೋನೇ ಕಾರಣ ಎಂದುಕೊಳ್ಳಬೇಕಿಲ್ಲ. ಅಲ್ಲಿ ರಕ್ತದೊತ್ತಡ, ತೂಕ, ಸಕ್ಕರೆ ಇವುಗಳ ಪಾತ್ರವೇ ದೊಡ್ಡದು.

ರಾತ್ರಿ ಏನೂ ತಿನ್ನದೇ ಮಲಗಿದ್ರೂ ಬೆಳಿಗ್ಗೆ ಶುಗರ್ ಏರಿರುತ್ತಲ್ಲ, ಅದು ಇದರಿಂದಲೇನಾ?

ಬಹುಮಟ್ಟಿಗೆ ಹೌದು, ಅದರಲ್ಲೂ ಟೈಪ್ 1ರಲ್ಲಿ. ಈ ಹಾರ್ಮೋನ್ ಒಂದೇ ಸಮನೆ ಬರುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ದೊಡ್ಡ ಅಲೆ ಬರುವುದು ಗಾಢ ನಿದ್ದೆಯಲ್ಲಿ. ಅದರ ಪರಿಣಾಮ ಕೆಲವು ಗಂಟೆ ತಡವಾಗಿ, ಬೆಳಗಿನ ಜಾವ ಕಾಣುತ್ತದೆ. ಆದರೆ ರಾತ್ರಿಯ ಇನ್ಸುಲಿನ್ ಸಾಲದೇ ಹೋದರೂ ಬೆಳಿಗ್ಗೆ ಸಕ್ಕರೆ ಏರಿರುತ್ತದೆ. ಯಾವುದು ಎಂದು ತಿಳಿಯಲು ರಾತ್ರಿ 3 ಗಂಟೆಯ ಸುಮಾರಿಗೆ ಒಮ್ಮೆ ಅಳೆದು ನೋಡಿ ವೈದ್ಯರಿಗೆ ತೋರಿಸಿ. ಒಂದು ದಿನದ ಬೆಳಗಿನ ಶುಗರ್‌ನಿಂದ ಕಿಡ್ನಿಗೆ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಆಗುತ್ತದೆ.

ಮಗಳಿಗೆ ಹದಿಮೂರು ವರ್ಷ, ಟೈಪ್ 1. ಈ ವಯಸ್ಸಲ್ಲಿ ಕಿಡ್ನಿ ಕಡೆ ಜಾಸ್ತಿ ಗಮನ ಕೊಡಿ ಅಂತಾರೆ. ಯಾಕೆ?

ಹರೆಯದಲ್ಲಿ ಬೆಳವಣಿಗೆ ಹಾರ್ಮೋನ್ ಸಹಜವಾಗಿಯೇ ಜೋರಾಗಿ ಏರುತ್ತದೆ. ಎಲ್ಲ ಮಕ್ಕಳಲ್ಲೂ ಆಗ ಇನ್ಸುಲಿನ್ ಪರಿಣಾಮ ಕುಗ್ಗುತ್ತದೆ. ಬೇರೆ ಮಕ್ಕಳ ದೇಹ ಹೆಚ್ಚು ಇನ್ಸುಲಿನ್ ಮಾಡಿಕೊಂಡು ಸರಿದೂಗಿಸುತ್ತದೆ. ನಿಮ್ಮ ಮಗಳ ದೇಹಕ್ಕೆ ಅದು ಆಗುವುದಿಲ್ಲ, ಡೋಸ್ ಏರಿಸಬೇಕಾಗುತ್ತದೆ. ಆದ್ದರಿಂದ ಡೋಸ್ ಹೆಚ್ಚಾಯಿತು, ಶುಗರ್ ಕೇಳುತ್ತಿಲ್ಲ ಎಂದು ಮಗುವನ್ನು ಬೈಯಬೇಡಿ. ತಪ್ಪು ಅವಳದಲ್ಲ. ಈ ಮಾತನ್ನು ನಾನು ಪ್ರತಿ ತಂದೆ ತಾಯಿಗೂ ಒತ್ತಿ ಹೇಳುತ್ತೇನೆ.

ಮೂತ್ರದಲ್ಲಿ ಅಲ್ಬುಮಿನ್ ಮೊದಲ ಬಾರಿ ಕಾಣಿಸಿಕೊಳ್ಳುವುದು ಹರೆಯ ಶುರುವಾದ ಮೇಲೆಯೇ ಹೆಚ್ಚು. ಅದಕ್ಕೇ ಹರೆಯ ಶುರುವಾಗಿ ಕಾಯಿಲೆಗೆ ಐದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ಪರೀಕ್ಷೆ ತಪ್ಪಿಸಬಾರದು. ಒಮ್ಮೆ ಕಂಡರೆ ಗಾಬರಿ ಬೇಡ. ಜ್ವರ, ಓಟ, ಮುಟ್ಟು ಇವುಗಳಿಂದಲೂ ಏರಬಹುದು. ಆರು ತಿಂಗಳ ಒಳಗೆ ಮೂರು ಬಾರಿ ನೋಡಿ, ಎರಡರಲ್ಲಿ ಹೆಚ್ಚಿದ್ದರೆ ಮಾತ್ರ ಲೆಕ್ಕಕ್ಕೆ.

## ಕಿಡ್ನಿಯ ಒಳಗೆ

ಈ ಹಾರ್ಮೋನಿಗೂ ಸಕ್ಕರೆ ಕಾಯಿಲೆಗೂ ನಂಟಿದೆ ಅಂತ ಮೊದಲು ಕಂಡುಹಿಡಿದಿದ್ದು ಹೇಗೆ?

ಅರ್ಜೆಂಟೀನಾದ ಬರ್ನಾರ್ಡೊ ಹೌಸೇ ಅವರಿಂದ ಈ ಕಥೆ ಶುರು. ಮೇದೋಜೀರಕ ಗ್ರಂಥಿ ತೆಗೆದ ನಾಯಿಗಳಿಗೆ ತೀವ್ರ ಸಕ್ಕರೆ ಕಾಯಿಲೆ ಬರುತ್ತಿತ್ತು. ಅವುಗಳ ಪಿಟ್ಯುಟರಿಯನ್ನೂ ತೆಗೆದರೆ ಕಾಯಿಲೆ ಸೌಮ್ಯವಾಗುತ್ತಿತ್ತು. ಪಿಟ್ಯುಟರಿಗೂ ಸಕ್ಕರೆಗೂ ಇರುವ ಈ ನಂಟನ್ನು ತೋರಿಸಿದ್ದಕ್ಕೆ 1947ರಲ್ಲಿ ಅವರಿಗೆ ನೊಬೆಲ್ ಬಂತು.

1953ರಲ್ಲಿ ಡೆನ್ಮಾರ್ಕ್‌ನ ವೈದ್ಯ ಪೌಲ್ಸೆನ್ ಒಬ್ಬ ಮಹಿಳೆಯ ವಿಷಯ ಬರೆದರು. ಹೆರಿಗೆಯ ನಂತರ ಆಕೆಯ ಪಿಟ್ಯುಟರಿ ಸತ್ತುಹೋಗಿತ್ತು. ಸಕ್ಕರೆ ಕಾಯಿಲೆಯಿಂದ ಆಕೆಯ ಕಣ್ಣಿನ ರೆಟಿನಾಕ್ಕೆ ಆಗಿದ್ದ ಹಾನಿ ಆಮೇಲೆ ಹಿಂದೆ ಸರಿದಿತ್ತು! ಇದನ್ನು ನೋಡಿ ದೃಷ್ಟಿ ಉಳಿಸಲು ಪಿಟ್ಯುಟರಿಯನ್ನೇ ತೆಗೆಯುವ ಆಪರೇಷನ್‌ಗಳು ನಡೆದವು. ಅದಕ್ಕೆ ತೆರಬೇಕಾದ ಬೆಲೆ ಭಾರಿಯಾಗಿತ್ತು. ರೋಗಿ ಜೀವನವಿಡೀ ಬೇರೆ ಹಾರ್ಮೋನ್‌ಗಳನ್ನು ಹೊರಗಿನಿಂದ ತೆಗೆದುಕೊಳ್ಳಬೇಕಿತ್ತು. ಲೇಸರ್ ಚಿಕಿತ್ಸೆ ಬಂದ ಮೇಲೆ ಆ ಆಪರೇಷನ್ ನಿಂತಿತು. ಕಣ್ಣಿನ ಸಣ್ಣ ರಕ್ತನಾಳಗಳಿಗೆ ಹೀಗಾದರೆ ಕಿಡ್ನಿಯ ಸಣ್ಣ ರಕ್ತನಾಳಗಳಿಗೆ ಏನು ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಕಿಡ್ನಿಗೆ ಹೊಡೆತ ಕೊಡೋದು ಬೆಳವಣಿಗೆ ಹಾರ್ಮೋನೋ, ಐಜಿಎಫ್-1ಓ?

ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೆ ಒಂದು ಚೆಂದದ ಪ್ರಯೋಗ ಉತ್ತರ ಕೊಟ್ಟಿದೆ. 1980ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಎರಡು ಬಗೆಯ ಇಲಿಗಳನ್ನು ಹೋಲಿಸಿದರು. ಒಂದು ಬಗೆಯಲ್ಲಿ ಬೆಳವಣಿಗೆ ಹಾರ್ಮೋನ್ ಸದಾ ಹೆಚ್ಚು, ಇನ್ನೊಂದರಲ್ಲಿ ಐಜಿಎಫ್-1 ಹೆಚ್ಚು. ಎರಡರಲ್ಲೂ ಗ್ಲೋಮೆರುಲಸ್‌ಗಳು ದೊಡ್ಡದಾದವು. ಆದರೆ ಗಾಯ ಕಟ್ಟಿ ಮುಚ್ಚಿಹೋದದ್ದು ಬೆಳವಣಿಗೆ ಹಾರ್ಮೋನ್ ಹೆಚ್ಚಿದ್ದ ಇಲಿಗಳಲ್ಲಿ. ಆ ಇಲಿಗಳಿಗೆ ಸಕ್ಕರೆ ಕಾಯಿಲೆ ತರಿಸಿರಲೇ ಇಲ್ಲ ಎಂಬುದನ್ನು ಗಮನಿಸಿ.

ಅಂದರೆ ಕಿಡ್ನಿ ಊದುವುದು ಬೇರೆ, ಹಾಳಾಗುವುದು ಬೇರೆ. ಊದುವುದರಲ್ಲಿ ಐಜಿಎಫ್-1ಗೆ ದೊಡ್ಡ ಪಾಲಿದೆ. ಸಕ್ಕರೆ ಕಾಯಿಲೆ ಬಂದ ಮೊದಲ ದಿನಗಳಲ್ಲಿ ಇಲಿಗಳ ಕಿಡ್ನಿಯಲ್ಲಿ ಅದು ಶೇಖರವಾಗುತ್ತದೆ, ರಕ್ತದಲ್ಲಿ ಕಡಿಮೆ ಇದ್ದಾಗಲೂ. ಹಾಳಾಗುವುದರಲ್ಲಿ ಬೆಳವಣಿಗೆ ಹಾರ್ಮೋನ್ ತಾನೇ ನೇರವಾಗಿ ಕೈ ಹಾಕುತ್ತದೆ.

ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ಜಾನ್ ಕಾಪ್ಚಿಕ್ ಅವರ ತಂಡ ಇದನ್ನು ಇನ್ನೊಂದು ಕಡೆಯಿಂದ ತೋರಿಸಿತು. ಬೆಳವಣಿಗೆ ಹಾರ್ಮೋನಿನ ಕೆಲಸ ತಡೆಯುವಂತೆ ವಂಶವಾಹಿ ಬದಲಿಸಿದ ಇಲಿಗಳಿಗೆ ಸಕ್ಕರೆ ಕಾಯಿಲೆ ತರಿಸಿದರು. ಸಕ್ಕರೆ ಏರಿತು, ಕಿಡ್ನಿಗೆ ಮಾತ್ರ ಹೆಚ್ಚು ಹಾನಿಯಾಗಲಿಲ್ಲ. ಈ ಫಲಿತಾಂಶ ನನಗೆ ಬಹಳ ಮುಖ್ಯ ಅನಿಸುತ್ತದೆ. ಸಕ್ಕರೆಯೊಂದೇ ಸಾಲದು, ಜೊತೆಗೆ ಈ ಹಾರ್ಮೋನಿನ ಕುಮ್ಮಕ್ಕೂ ಇದ್ದರೆ ಹಾನಿ ಬೇಗ ಎಂಬುದು ಅಲ್ಲಿ ಕಾಣುತ್ತದೆ.

ಪೋಡೋಸೈಟ್ ಅಂತ ಓದಿದೆ. ಅದರೊಳಗೆ ಈ ಹಾರ್ಮೋನ್ ಏನು ಮಾಡುತ್ತೆ?

ಪೋಡೋಸೈಟ್ ಎಂದರೆ ಗ್ಲೋಮೆರುಲಸ್‌ನ ರಕ್ತನಾಳಗಳನ್ನು ಹೊರಗಿನಿಂದ ತಬ್ಬಿಕೊಂಡಿರುವ ಜೀವಕೋಶ. ಅದಕ್ಕೆ ಬೆರಳಿನಂಥ ಚಾಚುಗಳಿವೆ. ಪಕ್ಕದ ಕೋಶದ ಚಾಚುಗಳ ಜೊತೆ ಅವು ಹೆಣೆದುಕೊಂಡಿರುತ್ತವೆ. ನಡುವಿನ ಕಿರಿದಾದ ಸಂದುಗಳಲ್ಲಿ ನೆಫ್ರಿನ್‌ನಂಥ ಪ್ರೋಟೀನ್‌ಗಳ ತೆಳು ಪೊರೆ ಇದೆ. ಅಲ್ಬುಮಿನ್ ಸೋರದಂತೆ ತಡೆಯುವ ಕೊನೆಯ ಕಾವಲು ಇದೇ. ಈ ಕೋಶಗಳು ಪೂರ್ತಿ ಬೆಳೆದ ಮೇಲೆ ಒಡೆದು ಎರಡಾಗುವುದಿಲ್ಲ. ಕಳೆದುಕೊಂಡರೆ ಹೊಸದು ಸಿಗುವುದು ಬಹಳ ಕಷ್ಟ.

ಪೋಡೋಸೈಟ್‌ಗಳ ಮೇಲೆ ಬೆಳವಣಿಗೆ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಇದೆ ಎಂದು ಮಿಶಿಗನ್ ವಿಶ್ವವಿದ್ಯಾಲಯದ ತಂಡ 2007ರಲ್ಲಿ ತೋರಿಸಿತು. ಹಾರ್ಮೋನ್ ಬಂದು ಕೂತ ಕೂಡಲೇ ಒಳಗೆ ಜ್ಯಾಕ್-2 ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಅದು ಸ್ಟ್ಯಾಟ್-5 ಎಂಬ ಪ್ರೋಟೀನನ್ನು ಕೋಶಕೇಂದ್ರಕ್ಕೆ ಕಳಿಸುತ್ತದೆ. ಕೋಶದಲ್ಲಿ ಹಾನಿಕಾರಕ ಆಮ್ಲಜನಕ ಕಣಗಳು ಹೆಚ್ಚುತ್ತವೆ, ಕೋಶದ ಎಲುಬುಗೂಡಿನಂಥ ಆಕ್ಟಿನ್ ಎಳೆಗಳು ಜಾಗ ಬದಲಿಸುತ್ತವೆ.

ಮುಂದಿನ ಕೊಂಡಿಗಳಲ್ಲಿ ಹಲವನ್ನು ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕರು ಬಿಡಿಸಿದ್ದಾರೆ. ಹಾರ್ಮೋನಿನಿಂದ ಜೆಬ್-2 ಎಂಬ ಪ್ರೋಟೀನ್ ಹೆಚ್ಚಾಗುತ್ತದೆ. ಅದು ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಕ್ಯಾಡ್ಹೆರಿನ್‌ಗಳ ತಯಾರಿಕೆಯನ್ನು ತಗ್ಗಿಸುತ್ತದೆ. ಹಿಡಿತ ಸಡಿಲವಾದ ಪೋಡೋಸೈಟ್ ಕಳಚಿ ಮೂತ್ರದಲ್ಲಿ ಹೋಗಿಬಿಡಬಹುದು. ಇನ್ನೊಂದು ದಾರಿ ನಾಚ್ ಎಂಬ ಸಂಕೇತದ್ದು. ಗರ್ಭದಲ್ಲಿ ಕಿಡ್ನಿ ರೂಪುಗೊಳ್ಳುವಾಗ ಬೇಕಾಗಿ, ಆಮೇಲೆ ತಣ್ಣಗಾಗುವ ಸಂಕೇತ ಇದು. ಹಾರ್ಮೋನ್ ಅದನ್ನು ಮತ್ತೆ ಎಬ್ಬಿಸುತ್ತದೆ. ಆಗ ಒಡೆಯಬಾರದ ಪೋಡೋಸೈಟ್ ಒಡೆಯಲು ಹೊರಡುತ್ತದೆ, ಕೆಲಸ ಪೂರೈಸಲಾಗದೆ ಅರ್ಧದಲ್ಲೇ ಸಾಯುತ್ತದೆ. ಇಲಿಗಳಲ್ಲಿ ನಾಚ್ ಸಂಕೇತ ತಡೆದಾಗ ಪ್ರೋಟೀನ್ ಸೋರಿಕೆ ಕಡಿಮೆಯಾಯಿತು.

ಇದೆಲ್ಲಾ ಇಲಿಗಳ ಕಥೆ ಅಲ್ವಾ? ಮನುಷ್ಯರಲ್ಲಿ ಸಾಕ್ಷಿ ಏನಿದೆ?

ಇದೆ, ಆದರೆ ಅಷ್ಟು ಗಟ್ಟಿಯಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ.

ಪಿಟ್ಯುಟರಿಯ ಗಡ್ಡೆಯಿಂದ ಬೆಳವಣಿಗೆ ಹಾರ್ಮೋನ್ ವಿಪರೀತ ಹೆಚ್ಚುವ ಅಕ್ರೊಮೆಗಾಲಿ ಎಂಬ ಕಾಯಿಲೆ ಇದೆ. ಅಂಥವರ ಕಿಡ್ನಿ ದೊಡ್ಡದಿರುತ್ತದೆ, ಶೋಧನೆ ಹೆಚ್ಚಿರುತ್ತದೆ, ಕೆಲವರಲ್ಲಿ ಅಲ್ಬುಮಿನ್ ಸೋರುತ್ತದೆ. ಚಿಕಿತ್ಸೆಯಿಂದ ಹಾರ್ಮೋನ್ ಇಳಿದಾಗ ಶೋಧನೆಯೂ ಸೋರಿಕೆಯೂ ತಗ್ಗುತ್ತವೆ.

ಇದರ ತದ್ವಿರುದ್ಧ ಲಾರನ್ ಸಿಂಡ್ರೋಮ್. ಅದರಲ್ಲಿ ರಿಸೆಪ್ಟರ್ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಎಕ್ವಡಾರ್‌ನಲ್ಲಿ ಇಂಥ ಜನರ ದೊಡ್ಡ ಗುಂಪನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು 2011ರಲ್ಲಿ ವರದಿ ಮಾಡಿದರು. ಬೊಜ್ಜು ಇದ್ದರೂ ಅವರಲ್ಲಿ ಸಕ್ಕರೆ ಕಾಯಿಲೆ ಕಾಣಲಿಲ್ಲ. ಕಾಯಿಲೆಯೇ ಬರದಿದ್ದರೆ ಅದರಿಂದ ಕಿಡ್ನಿ ಉಳಿಯಿತೇ ಎಂದು ಹೇಳಲಾಗದು, ಅಲ್ವಾ? ಇನ್ನೊಂದು ಕಡೆ, ಇಸ್ರೇಲ್‌ನಲ್ಲಿ ಲಾರನ್ ಸಿಂಡ್ರೋಮ್ ಇದ್ದೂ ಸಕ್ಕರೆ ಕಾಯಿಲೆ ಬಂದು ಕಣ್ಣಿನ ರೆಟಿನಾ ಹಾಳಾದ ಉದಾಹರಣೆಗಳಿವೆ. ಅಂದರೆ ಈ ಹಾರ್ಮೋನ್ ಇಲ್ಲದೆಯೂ ಸಣ್ಣ ರಕ್ತನಾಳಗಳು ಕೆಡಬಹುದು. ಅದು ಕಾರಣಗಳಲ್ಲಿ ಒಂದು, ಏಕೈಕ ಕಾರಣವಲ್ಲ.

## ದಿನನಿತ್ಯದ ಅನುಮಾನಗಳು

ರಕ್ತದಲ್ಲಿ ಈ ಹಾರ್ಮೋನ್ ಎಷ್ಟಿದೆ ಅಂತ ಟೆಸ್ಟ್ ಮಾಡಿಸ್ಲಾ?

ಬೇಡ. ಅಲೆಯಾಗಿ ಬಂದು ಹೋಗುವ ಹಾರ್ಮೋನ್ ಇದು, ರಕ್ತದಲ್ಲಿ ಅರ್ಧ ಇಳಿಯಲು ಸುಮಾರು 20 ನಿಮಿಷ ಸಾಕು. ಒಂದು ಸಲ ರಕ್ತ ಕೊಟ್ಟರೆ ಸಿಗುವ ಅಂಕಿಗೆ ಅರ್ಥವಿಲ್ಲ. ಆ ಹಣವನ್ನು ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಪರೀಕ್ಷೆಗೆ ಹಾಕಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ದಾಟಿದರೆ ಎಚ್ಚರಿಕೆ, 300 ದಾಟಿದರೆ ಸೋರಿಕೆ ತೀವ್ರ. ಟೈಪ್ 2 ಇದ್ದರೆ ಕಾಯಿಲೆ ಗೊತ್ತಾದ ವರ್ಷದಿಂದಲೇ ಪ್ರತಿ ವರ್ಷ ಮಾಡಿಸಿ.

ನಿದ್ದೆ, ವ್ಯಾಯಾಮ, ಉಪವಾಸದಿಂದ ಈ ಹಾರ್ಮೋನ್ ಏರುತ್ತಂತೆ. ಹಾಗಾದ್ರೆ ಬಿಟ್ಟುಬಿಡ್ಲಾ?

ದಯವಿಟ್ಟು ಬಿಡಬೇಡಿ. ನಿದ್ದೆ ಮತ್ತು ವ್ಯಾಯಾಮದಲ್ಲಿ ಬರುವ ಏರಿಕೆ ಸ್ವಲ್ಪ ಹೊತ್ತಿನದು. ಅವುಗಳಿಂದ ರಕ್ತದೊತ್ತಡಕ್ಕೂ ಸಕ್ಕರೆಗೂ ಸಿಗುವ ಲಾಭ ದೊಡ್ಡದು. ಉಪವಾಸದ ವಿಷಯದಲ್ಲಿ ನಿಜವಾದ ಅಪಾಯ ಈ ಹಾರ್ಮೋನಿನದಲ್ಲ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯಬಹುದು, ಅದು.

ಜಿಮ್‌ನಲ್ಲಿ ಗ್ರೋತ್ ಹಾರ್ಮೋನ್ ಇಂಜೆಕ್ಷನ್ ತಗೋ ಅಂತಿದ್ದಾರೆ. ಶುಗರ್ ಇದೆ, ತಗೋಬಹುದಾ?

ಬೇಡವೇ ಬೇಡ. ಸಕ್ಕರೆ ಏರುತ್ತದೆ, ಇನ್ಸುಲಿನ್ ನಾಟುವುದಿಲ್ಲ. ರೆಟಿನಾ ತೊಂದರೆ ಮುಂದುವರಿದ ಹಂತದಲ್ಲಿದ್ದರೆ ಈ ಇಂಜೆಕ್ಷನ್ ಕೊಡಲೇಬಾರದು ಎಂದು ಔಷಧಿಯ ಲೇಬಲ್ ಮೇಲೆಯೇ ಎಚ್ಚರಿಕೆ ಇದೆ. ಈಗಾಗಲೇ ಸೋರುತ್ತಿರುವ ಕಿಡ್ನಿಯ ಮೇಲೆ ಇನ್ನಷ್ಟು ಹೊರೆ ಹಾಕಲು ಯಾವ ಕಾರಣವೂ ಇಲ್ಲ.

ಹಾಗಾದ್ರೆ ಕಿಡ್ನಿ ಕಾಯಿಲೆ ಇರೋ ಮಕ್ಕಳಿಗೆ ಡಾಕ್ಟರೇ ಈ ಹಾರ್ಮೋನ್ ಕೊಡ್ತಾರಲ್ಲ?

ಕೊಡುತ್ತಾರೆ, ಮತ್ತು ಅದು ಸರಿಯೇ. ಆ ಮಕ್ಕಳ ಕಿಡ್ನಿ ಬಹುಪಾಲು ಹುಟ್ಟಿನ ದೋಷ ಅಥವಾ ಬೇರೆ ಕಾರಣದಿಂದ ಸೋತಿರುತ್ತದೆ, ಸಕ್ಕರೆ ಕಾಯಿಲೆಯಿಂದಲ್ಲ. ಕಿಡ್ನಿ ಸೋತಾಗ ದೇಹ ಈ ಹಾರ್ಮೋನಿಗೆ ಕಿವುಡಾಗುತ್ತದೆ, ಮಗು ಎತ್ತರ ಬೆಳೆಯುವುದಿಲ್ಲ. ಹೆಚ್ಚಿನ ಡೋಸ್ ಕೊಟ್ಟು ಆ ಕಿವುಡನ್ನು ಮೀರುತ್ತಾರೆ. ವೈದ್ಯರ ಕಣ್ಗಾವಲಿನಲ್ಲಿ ನಡೆಯುವ ಈ ಚಿಕಿತ್ಸೆಯನ್ನು ಈ ಪುಟ ಓದಿ ನಿಲ್ಲಿಸಬೇಡಿ.

## ಚಿಕಿತ್ಸೆ ಮತ್ತು ಸಂಶೋಧನೆ

ಹಾರ್ಮೋನನ್ನು ತಡೆಯೋ ಔಷಧಿ ಇದೆಯಂತೆ. ಅದನ್ನೇ ಕೊಡಬಾರದಾ?

ಔಷಧಿಗಳಿವೆ. ಪೆಗ್ವಿಸೊಮ್ಯಾಂಟ್ ರಿಸೆಪ್ಟರ್ ಮೇಲೆ ಕೂತು ಹಾರ್ಮೋನಿಗೆ ಜಾಗ ಬಿಡುವುದಿಲ್ಲ. ಅದು ಹುಟ್ಟಿದ್ದು ಕಾಪ್ಚಿಕ್ ಅವರ ಇಲಿಗಳ ಪ್ರಯೋಗದಿಂದ, ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿದ್ದು ಅಕ್ರೊಮೆಗಾಲಿಗೆ ಮಾತ್ರ. ಇನ್ನೊಂದು ಆಕ್ಟ್ರಿಯೊಟೈಡ್, ಪಿಟ್ಯುಟರಿಯಿಂದ ಹಾರ್ಮೋನ್ ಹೊರಬರುವುದನ್ನೇ ತಗ್ಗಿಸುತ್ತದೆ. 1991ರಲ್ಲಿ ಟೈಪ್ 1 ಇರುವ ಕೆಲವೇ ಜನರಿಗೆ ಅದನ್ನು ಕೊಟ್ಟು ನೋಡಿದಾಗ ಹೆಚ್ಚಿದ್ದ ಶೋಧನೆ ಇಳಿಯಿತು, ಕಿಡ್ನಿಯ ಗಾತ್ರವೂ ತಗ್ಗಿತು.

ಅಲ್ಲಿಂದ ಮುಂದೆ ದೊಡ್ಡ ಪರೀಕ್ಷೆಗಳು ಆಗಲಿಲ್ಲ. ಆಕ್ಟ್ರಿಯೊಟೈಡ್ ಹೆಚ್ಚಾಗಿ ಇಂಜೆಕ್ಷನ್ ರೂಪದ್ದು, ಹೊಟ್ಟೆ ಕೆಡಿಸುತ್ತದೆ, ಪಿತ್ತಕೋಶದಲ್ಲಿ ಕಲ್ಲು ತರಬಹುದು, ಗ್ಲುಕಗಾನ್‌ನಂಥ ಬೇರೆ ಹಾರ್ಮೋನ್‌ಗಳನ್ನೂ ತಡೆಯುತ್ತದೆ. ಶೋಧನೆ ಇಳಿಯುವುದು ಒಂದು, ಡಯಾಲಿಸಿಸ್ ತಪ್ಪುವುದು ಇನ್ನೊಂದು. ಎರಡನೆಯದನ್ನು ಈ ಔಷಧಿಗಳಲ್ಲಿ ಯಾರೂ ತೋರಿಸಿಲ್ಲ. ಆದ್ದರಿಂದ ಇವತ್ತು ಕಿಡ್ನಿಗಾಗಿ ಇವನ್ನು ಕೇಳುವುದು ಬೇಡ.

ಮತ್ತೆ ಈಗ ಕಿಡ್ನಿ ಉಳಿಸಿಕೊಳ್ಳೋಕೆ ಏನು ಮಾಡ್ಬೇಕು?

ಸಾಬೀತಾದ ದಾರಿಗಳು ಇವೆ, ಅದೇ ಸಮಾಧಾನ. ಮೊದಲನೆಯದು ಸಕ್ಕರೆಯ ಬಿಗಿ ಹಿಡಿತ. 1993ರಲ್ಲಿ ಬಂದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನದಲ್ಲಿ, ಟೈಪ್ 1 ಇರುವವರು ಸಕ್ಕರೆಯನ್ನು ಬಿಗಿಯಾಗಿ ಹಿಡಿದಾಗ ಅಲ್ಬುಮಿನ್ ಸೋರಿಕೆ ಶುರುವಾಗುವುದು ಶೇಕಡಾ 39ರಷ್ಟು ತಗ್ಗಿತು. ಸಕ್ಕರೆ ಹಿಡಿತಕ್ಕೆ ಬಂದರೆ ಬೆಳವಣಿಗೆ ಹಾರ್ಮೋನೂ ಇಳಿಯುತ್ತದೆ, ಅಂದರೆ ಒಂದೇ ಕೆಲಸಕ್ಕೆ ಎರಡು ಲಾಭ.

ಎರಡನೆಯದು ರಕ್ತದೊತ್ತಡ. ಅಲ್ಬುಮಿನ್ ಸೋರುತ್ತಿದ್ದರೆ ರಾಮಿಪ್ರಿಲ್, ಲೊಸಾರ್ಟನ್ ಬಗೆಯ ಮಾತ್ರೆಗಳು ಗ್ಲೋಮೆರುಲಸ್ ಒಳಗಿನ ಒತ್ತಡವನ್ನೇ ಇಳಿಸುತ್ತವೆ. ಗರ್ಭಿಣಿಯರಿಗೆ ಇವು ಕೂಡದು. ಟೈಪ್ 2 ಇದ್ದರೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು, ಫಿನೆರೆನೋನ್, ಸೆಮಾಗ್ಲುಟೈಡ್ ಇವೆಲ್ಲ 2019ರಿಂದ 2024ರ ನಡುವೆ ಬಂದ ದೊಡ್ಡ ಪರೀಕ್ಷೆಗಳಲ್ಲಿ ಕಿಡ್ನಿ ಸೋಲುವುದನ್ನು ನಿಧಾನಿಸಿವೆ. ಟೈಪ್ 1 ಇರುವವರು ಡಪಾಗ್ಲಿಫ್ಲೋಜಿನ್ ಗುಂಪನ್ನು ತಾವಾಗಿ ಶುರು ಮಾಡಬಾರದು. ರಕ್ತ ಆಮ್ಲೀಯವಾಗುವ ಕೀಟೊಆಸಿಡೋಸಿಸ್ ಎಂಬ ಪ್ರಾಣಾಪಾಯ ಅದರಲ್ಲಿದೆ. ಬೀಡಿ, ಸಿಗರೇಟು ಬಿಡುವುದು, ಉಪ್ಪು ಕಡಿಮೆ ಮಾಡುವುದು, ನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗದಿರುವುದು ಇವು ನಿಮ್ಮ ಕೈಯಲ್ಲೇ ಇವೆ.

ಜ್ಯಾಕ್ ತಡೆಯೋ ಮಾತ್ರೆಯಿಂದ ಪ್ರೋಟೀನ್ ಕಡಿಮೆ ಆಯ್ತು ಅಂತ ಓದಿದೆ. ಇದು ಅದೇ ದಾರಿಯಾ?

ಒಂದು ಭಾಗ ಮಾತ್ರ ಅದೇ ದಾರಿ. ಕೀಲುವಾತಕ್ಕೆ ಕೊಡುವ ಬ್ಯಾರಿಸಿಟಿನಿಬ್ ಎಂಬ ಮಾತ್ರೆ ಜ್ಯಾಕ್-1 ಮತ್ತು ಜ್ಯಾಕ್-2 ಕಿಣ್ವಗಳನ್ನು ತಡೆಯುತ್ತದೆ. ಟೈಪ್ 2 ಇರುವ ಕಿಡ್ನಿ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದ ಒಂದು ಸಣ್ಣ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು. ಅಲ್ಬುಮಿನ್ ಇಳಿಯಿತು, ಹಿಮೋಗ್ಲೋಬಿನ್ನೂ ಇಳಿಯಿತು. ಜ್ಯಾಕ್ ಕಿಣ್ವಗಳನ್ನು ಬಳಸುವುದು ಬೆಳವಣಿಗೆ ಹಾರ್ಮೋನ್ ಮಾತ್ರವಲ್ಲ. ಉರಿಯೂತದ ಹಲವು ಸಂಕೇತಗಳೂ, ರಕ್ತಕಣ ತಯಾರಿಸುವ ಹಾರ್ಮೋನೂ ಅವನ್ನೇ ಬಳಸುತ್ತವೆ. ಹಾಗಾಗಿ ಅಲ್ಬುಮಿನ್ ಇಳಿದದ್ದಕ್ಕೆ ಬೆಳವಣಿಗೆ ಹಾರ್ಮೋನ್ ತಡೆದದ್ದೇ ಕಾರಣ ಎನ್ನಲು ಆಗುವುದಿಲ್ಲ.

ಮುಂದೆ ಯಾವ ಸುದ್ದಿ ಬಂದ್ರೆ ನಂಬಬಹುದು?

ಸುದ್ದಿಯಲ್ಲಿ ಮೂರು ವಿಷಯ ಹುಡುಕಿ. ಪ್ರಯೋಗ ನಡೆದದ್ದು ಮನುಷ್ಯರ ಮೇಲೆಯೇ? ಅವರಿಗಿದ್ದದ್ದು ಟೈಪ್ 1ಓ, ಟೈಪ್ 2ಓ? ಅಳೆದದ್ದು ಅಲ್ಬುಮಿನ್ ಮಾತ್ರವೋ, ಕಿಡ್ನಿಯ ಕೆಲಸ ವರ್ಷಗಟ್ಟಲೆ ಉಳಿಯಿತೇ ಎಂಬುದನ್ನೂ ನೋಡಿದರೋ? ಬೆಳವಣಿಗೆ ಹಾರ್ಮೋನಿನ ಪಾತ್ರ ಹೆಚ್ಚಾಗಿ ಕಾಣುವುದು ಟೈಪ್ 1ರ ಆರಂಭದ ಹಂತದಲ್ಲಿ. ಆದ್ದರಿಂದ ಹರೆಯದವರಲ್ಲಿ, ಸೋರಿಕೆ ಇನ್ನೂ ಸ್ವಲ್ಪವೇ ಇರುವಾಗ, ಈಗಿನ ಒಳ್ಳೆಯ ಚಿಕಿತ್ಸೆಯ ಜೊತೆಗೆ ಪೋಡೋಸೈಟ್ ಕಾಯುವ ಔಷಧಿ ಕೊಟ್ಟು ನೋಡುವ ಪರೀಕ್ಷೆ ನಡೆಯಬೇಕು ಎಂಬುದು ನನ್ನ ಆಸೆ. ಬೆಳೆಯುವ ಮಕ್ಕಳಲ್ಲಿ ಬೆಳವಣಿಗೆ ಹಾರ್ಮೋನನ್ನೇ ಪೂರ್ತಿ ತಡೆಯುವಂತಿಲ್ಲ, ಎತ್ತರ ನಿಂತುಹೋಗುತ್ತದೆ. ಅದಕ್ಕೇ ಜೆಬ್-2, ನಾಚ್ ಥರದ ಕೆಳಗಿನ ಕೊಂಡಿಗಳನ್ನು ಕಿಡ್ನಿಯಲ್ಲಷ್ಟೇ ತಡೆಯುವ ದಾರಿ ಹುಡುಕುವ ಕೆಲಸ ನನಗೆ ಹೆಚ್ಚು ಭರವಸೆ ಕೊಡುತ್ತದೆ.